ಹಿಂಬೆಳಕು ನಾಡಿನ ದೋಣಿಯವನ ಕೋಟು

ಒಬ್ಬ ರಾಜನನ್ನು ಮಾಡಲು ಹನ್ನೊಂದು ಗಜ ಮಖಮಲ್ಲು ಬೇಕು. ಅಷ್ಟೇ ಅಸ್ತರು, ಅಂಚಿಗೆ ಜರಿ, ಇಬ್ಬರ ನಾಲ್ಕು ದಿನದ ದುಡಿಮೆ. ದೇವರು ರಾಜನಿಗಿಂತ ಅಗ್ಗ. ಮೈಮೇಲೆ ಬಟ್ಟೆ ಕಡಿಮೆ, ಕಿರೀಟಕ್ಕೆ ಮಾತ್ರ ಕೈ ಬಿಚ್ಚಬೇಕು. ರಾಕ್ಷಸನಿಗೆ ಕೂದಲಿನ ಖರ್ಚು ಜಾಸ್ತಿ. ಎಲ್ಲರಿಗಿಂತ ದುಬಾರಿ ದೆವ್ವ. ಮೈಮೇಲೆ ಏನೂ ಇಲ್ಲದ ಹಾಗೆ ಕಾಣಬೇಕಾದರೆ ಒಂದರ ಮೇಲೊಂದು ಏಳು ಪದರ ತೆಳುಬಟ್ಟೆ ಹಾಕಬೇಕು, ಪ್ರತಿ ಆಟಕ್ಕೂ ಅದರಲ್ಲಿ ಒಂದು ಪದರ ಯಾವುದಾದರೂ ಮೊಳೆಗೆ ಸಿಕ್ಕಿ ಹರಿಯುತ್ತದೆ. ಇದು ನಮ್ಮ ಅಂಗಡಿಯ ಲೆಕ್ಕ. ಇಷ್ಟು ವರ್ಷ ಈ ಲೆಕ್ಕ ತಪ್ಪಿದ್ದಿಲ್ಲ. ನನ್ನ ಮಗಳು ಯಾರೂ ಕಾಣದ ಒಂದು ನಾಡನ್ನು ಕಟ್ಟಿ, "ಇದಕ್ಕೆಲ್ಲ ಉಡುಪು ಹೊಲಿ ಅಮ್ಮ" ಅಂದಾಗ ಮಾತ್ರ ಟೇಪನ್ನು ಎಲ್ಲಿ ಹಿಡಿಯಬೇಕೆಂದು ನನಗೆ ತಿಳಿಯಲಿಲ್ಲ.

ನಮ್ಮದು ನಾಟಕದ ಉಡುಪಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವಿನ ಅಟ್ಟದಲ್ಲಿ ಉಗ್ರಾಣ. ಗಂಡ ತೀರಿಕೊಂಡ ಮೇಲೆ ನಾನೂ ಮೈದುನನೂ ಸೇರಿ ನಡೆಸುತ್ತಿದ್ದೇವೆ. ಅವನು ಕತ್ತರಿಸುತ್ತಾನೆ. ನಾನು ಹೊಲಿಯುತ್ತೇನೆ, ಬಾಡಿಗೆಗೆ ಹೋದದ್ದನ್ನು ಜಗಳವಾಡಿ ವಾಪಸ್ ತರುತ್ತೇನೆ. ಮಗಳು ಮೂರು ಬೀದಿ ಆಚೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಿಡುವಿನಲ್ಲಿ ಬರೆಯುತ್ತಿದ್ದಳು. ಹಾಗೆ ಬರೆದ ನಾಟಕದ ನಾಡಿನ ಹೆಸರು ಹಿಂಬೆಳಕು. ಆ ನಾಡು ಒಂದು ದೊಡ್ಡ ಆಮೆಯ ಬೆನ್ನ ಮೇಲಿದೆ. ಆಮೆ ನಡೆಯುತ್ತಲೇ ಇರುವುದರಿಂದ ಅಲ್ಲಿ ಯಾರೂ ಯಾರ ಮನೆಗೂ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಹಗಲುನುಂಗ ಎಂಬ ಪ್ರಾಣಿ ಸಂಜೆಯಾದರೆ ಸೂರ್ಯನನ್ನು ನುಂಗುತ್ತದೆ. ನಾಡಿನ ಅಂಚಿನಲ್ಲಿ ಒಂದು ನದಿ, ಸತ್ತವರನ್ನು ದಾಟಿಸಲು ಒಬ್ಬ ದೋಣಿಯವನು. ಕಾಸು ಕೊಟ್ಟರೆ ಹತ್ತಿಸಿಕೊಳ್ಳುತ್ತಾನೆ, ಇಲ್ಲದಿದ್ದರೆ ಇಲ್ಲ.

ನಾಟಕಮಂದಿರದ ಯಜಮಾನರು ಅದನ್ನು ಓದಿದರು. ಕೆಮ್ಮು ಬಂದರೂ ಲೆಕ್ಕ ಹಾಕಿ ಕೆಮ್ಮುವ ಮನುಷ್ಯ. "ಶನಿವಾರ ಮಧ್ಯಾಹ್ನ ಒಂದು ಆಟ ಆಡಿ ತೋರಿಸಿ. ಜನಕ್ಕೆ ಹಿಡಿಸಿದ್ರೆ ಮೂರು ತಿಂಗಳು ಮಂದಿರ ನಿಮ್ಮದು" ಎಂದರು. ಇತ್ತ ಔಷಧಿ ಅಂಗಡಿಯವರು ಹೊಸದೊಂದು ಶಾಖೆ ತೆರೆಯುತ್ತಿದ್ದರು. ಅದರ ಮೇಲ್ವಿಚಾರಣೆ ನೀನೇ ನೋಡಿಕೋ, ಸೋಮವಾರ ಉತ್ತರ ಹೇಳು ಎಂದು ಮಗಳಿಗೆ ಹೇಳಿದ್ದರು. ಎರಡೂ ಒಟ್ಟಿಗೆ ಆಗುವ ಮಾತಲ್ಲ.

"ಶನಿವಾರ ಹಿಡಿಸದಿದ್ರೆ ಸೋಮವಾರ ಹೂಂ ಅಂದ್ಬಿಡ್ತೀನಿ ಅಮ್ಮ," ಎಂದಳು. "ಆಮೇಲೆ ಬರೆಯೋ ಗೋಜಿಗೆ ಹೋಗಲ್ಲ."

ನಗುತ್ತಲೇ ಹೇಳಿದಳು. ಆದರೆ ನಾನು ಅವಳನ್ನು ಹೆತ್ತವಳು. ಅವಳು ಯಾವ ಮಾತನ್ನು ನಗುವಿನಲ್ಲಿ ಸುತ್ತಿ ಕೊಡುತ್ತಾಳೆ ಎನ್ನುವುದು ನನಗೆ ಗೊತ್ತು.

ಹೊಸ ಬಟ್ಟೆ ತರುವಷ್ಟು ಮುಂಗಡ ಯಜಮಾನರು ಕೊಟ್ಟಿರಲಿಲ್ಲ. ಅದಕ್ಕೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಅಂಗಡಿಯಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕುವುದೇ ಅಪರೂಪ. ಹಳೆಯದರ ಹೊಲಿಗೆ ಬಿಚ್ಚಿ, ಬೇಕಾದ ಹಾಗೆ ಮತ್ತೆ ಕೂಡಿಸುತ್ತೇವೆ. ನಮ್ಮಲ್ಲಿರುವ ಯಮನ ನಿಲುವಂಗಿ ಇಷ್ಟರಲ್ಲಿ ಒಮ್ಮೆ ಸೇನಾಪತಿಯದ್ದಾಗಿತ್ತು, ಒಮ್ಮೆ ನ್ಯಾಯಾಧೀಶನದ್ದು, ಒಮ್ಮೆ ಮದುವೆಗೆ ಒಪ್ಪದ ಹುಡುಗಿಯ ಅಪ್ಪನದ್ದು. ಮೂರಕ್ಕೂ ಚೆನ್ನಾಗಿಯೇ ಹೊಂದಿತ್ತು.

ಆಟದ ವಾರದ ಸೋಮವಾರ ಬೆಳಿಗ್ಗೆ ಅಳತೆ ಕೊಡಲು ದೋಣಿಯವನ ಪಾತ್ರದ ನಟ ಬಂದ. ಅವನನ್ನು ಎಲ್ಲರೂ ಗುಡುಗಜ್ಜ ಎನ್ನುತ್ತಾರೆ. ಮೆಲ್ಲಗೆ ಮಾತಾಡಿದರೂ ಪಕ್ಕದ ಬೀದಿಯ ಬಾಗಿಲು ತೆರೆಯುತ್ತದೆ. ಎಡಭುಜ ಹಿಡಿದುಕೊಂಡು ಎಷ್ಟೋ ವರ್ಷವಾಗಿದೆ, ಆ ಕೈ ಎದೆಯ ತನಕ ಏಳುವುದಿಲ್ಲ. ಅದಕ್ಕೇ ಅವನಿಗೆ ಕತ್ತಿ ಗುರಾಣಿ ಹಿಡಿಯುವ ಪಾತ್ರ ಕೊಡುವುದನ್ನು ನಿಲ್ಲಿಸಿದ್ದರು.

ನಾನು ಸೊಂಟದ ಅಳತೆ ತೆಗೆದುಕೊಳ್ಳುತ್ತಿದ್ದೆ. ಅವನು ತನ್ನ ಮಾತುಗಳನ್ನು ಬರೆದ ಹಾಳೆ ಓದಿ, "ಓಹೋಹೋ! ಇವನಾ? ಇವನನ್ನ ನಾನು ಎಷ್ಟು ಸಲ ಮಾಡಿಲ್ಲ!" ಎಂದ.

"ಇಲ್ಲ ಅಜ್ಜ, ಇದು ಹೊಸ ನಾಟಕ," ಎಂದಳು ಮಗಳು. "ನಾನೇ ಬರೆದಿದ್ದು."

"ನಾಟಕ ಹೊಸದಿರಬಹುದು ಕಣಮ್ಮ, ಈ ಮನುಷ್ಯ ಹಳಬ. ಒಂದು ನಾಟಕದಲ್ಲಿ ಸತ್ತವರ ಬಾಯಲ್ಲಿ ಕಾಸು ಇಟ್ಟು ಕಳಿಸ್ತಿದ್ರು. ನಾನು ಬಾಯಿಂದ ತೆಗೆದುಕೋಬೇಕು. ಆ ಹೆಣದ ಪಾತ್ರದವನು ಹಲ್ಲು ಕಚ್ಚಿಕೊಂಡ್ಬಿಟ್ಟ, ಎರಡು ನಿಮಿಷ ಕಿತ್ತಾಡಿದ್ವಿ. ಇನ್ನೊಂದರಲ್ಲಿ ನದಿ ವೈತರಣಿ. ಅಲ್ಲಿ ದೋಣಿ ಇಲ್ಲ, ಹಸುವಿನ ಬಾಲ ಹಿಡ್ಕೊಂಡು ದಾಟಬೇಕು."

"ಅದರಲ್ಲಿ ನೀವೇನು ಮಾಡಿದ್ರಿ?"

"ಹಸುವಿನ ಹಿಂಗಾಲು."

ಮಗಳು ನಕ್ಕಳು. ಅಜ್ಜನಿಗೆ ಹುರುಪು ಬಂತು. "ಮತ್ತೊಂದು ನಾಡಿನವರ ಕಥೆಯಲ್ಲಿ ದಾಟಿಸೋದು ನಾಯಿ. ಬದುಕಿದ್ದಾಗ ನಾಯಿಗೆ ಕಲ್ಲು ಹೊಡೆದವರು ದಡದಲ್ಲೇ ಕೂರಬೇಕು. ಮರಳುಗಾಡಿನ ಕಡೆಯವರದ್ದು ಸೇತುವೆ, ಕೂದಲೆಳೆಯಷ್ಟು ಸಣ್ಣ. ಎಲ್ಲ ಕಡೆ ಸತ್ತವರು ಏನಾದರೊಂದು ದಾಟಲೇಬೇಕು, ದಾಟಿಸೋಕೆ ಒಬ್ಬ ನನ್ನಂಥ ಸಿಡುಕ ಇರಲೇಬೇಕು."

ಮಗಳ ನಗು ಅಷ್ಟಕ್ಕೇ ನಿಂತಿತು. ಅದನ್ನು ಗಮನಿಸದೆ ಮೈದುನ ಅಟ್ಟದಿಂದ ಕೂಗಿದ. "ಅತ್ತಿಗೆ, ಹಗಲುನುಂಗ ಬೇಕು ಅಂದ್ರಲ್ಲ? ನಮ್ಮಲ್ಲಿ ಮೂರು ಇದಾವೆ!"

ಒಂದೊಂದಾಗಿ ಇಳಿಸಿ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಇಟ್ಟ. ಮೊದಲನೆಯದು ರಾಹುವಿನ ತಲೆ, ಕೆಳಗೆ ಮುಂಡ ಇಲ್ಲ. ಎರಡನೆಯದು ಹಿಮದ ನಾಡಿನವರ ಕಥೆಯ ತೋಳ, ಸೂರ್ಯನ ಹಿಂದೆ ಓಡಿ ಓಡಿ ಕೊನೆಗೆ ಹಿಡಿಯುವಂಥದ್ದು. ಮೂರನೆಯದು ಚಂದ್ರನನ್ನು ನುಂಗುವ ಕಪ್ಪೆ, ಬಾಯಿಗೆ ನಾನೇ ಕೆಂಪು ಅಸ್ತರು ಹೊಲಿದದ್ದು. "ಇದರಲ್ಲಿ ಯಾವುದಕ್ಕೆ ಬಣ್ಣ ಬಳೀಲಿ, ಪುಟ್ಟಿ?" ಎಂದ.

ಮಗಳು ಮೂರನ್ನೂ ನೋಡಿದಳು. "ಆಮೆನೂ ಇದೆಯಾ ಚಿಕ್ಕಪ್ಪ?"

"ಇಲ್ದೆ ಏನು! ಭೂಮಿ ಹೊರೋ ಆಮೆ ತಾನೆ? ಎರಡು ಇತ್ತು, ಒಂದನ್ನ ಇಲಿ ತಿಂತು."

"ಹಾಗಾದ್ರೆ ನಾನು ಬರೆದಿದ್ದೇನು? ಬಾಡಿಗೆ ಉಡುಪಾ?"

ಗುಡುಗಜ್ಜ ಕೂಡ ಮೆಲ್ಲಗೆ ಕೆಮ್ಮಿದ. ಮಗಳು ಹಾಳೆಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಮಧ್ಯಾಹ್ನದೊಳಗೆ ಆಮೆ, ನದಿ, ದೋಣಿ, ಹಗಲುನುಂಗ ಎಲ್ಲವನ್ನೂ ಹೊಡೆದುಹಾಕಿದ್ದಳು. ಅವುಗಳ ಜಾಗದಲ್ಲಿ ಹಿಂದೆ ಯಾರೂ ಯೋಚಿಸಿರದ ಸಂಗತಿಗಳನ್ನು ತುಂಬಿದ್ದಳು. ಸತ್ತವರು ಈಗ ನದಿ ದಾಟುತ್ತಿರಲಿಲ್ಲ, ಬೆಳಕಿನ ಮೆಟ್ಟಿಲು ಹತ್ತುತ್ತಿದ್ದರು. ಸೂರ್ಯನನ್ನು ಯಾರೂ ನುಂಗುತ್ತಿರಲಿಲ್ಲ, ಅವನು ತಾನಾಗಿ ತೆಳುವಾಗುತ್ತಿದ್ದ.

ಮರುದಿನ ಮಂದಿರದ ಹಿಂದಿನ ಕೊಠಡಿಯಲ್ಲಿ ತಾಲೀಮು. ಪಿನ್ನು, ಟೇಪು ಹಿಡಿದು ನಾವೂ ಹೋಗಿದ್ದೆವು. ನಟರು ಓದಿದರು, ನಡೆದರು, ನಿಂತರು. ಎಲ್ಲ ಸರಿಯಾಗಿಯೇ ಇತ್ತು, ಆದರೆ ಉಪ್ಪು ಹಾಕದ ಅಡುಗೆಯ ಹಾಗಿತ್ತು. ಮೆಟ್ಟಿಲ ಬಳಿ ಸತ್ತವರು ಸಾಲಾಗಿ ನಿಂತಿರುವುದನ್ನು ನೋಡಿ ಮೈದುನ ನನ್ನ ಕಿವಿಯಲ್ಲಿ, "ಇವರು ಸತ್ತವರೋ, ಬ್ಯಾಂಕಿಗೆ ಬಂದವರೋ?" ಎಂದ.

ಗುಡುಗಜ್ಜ ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡಿದ. "ಅಮ್ಮಣ್ಣಿ, ಇಲ್ಲಿ ನಾನು ಯಾರು?"

"ನೀವು ಹಾದಿಯ ಅರಿವು, ಅಜ್ಜ."

"ಅರಿವಿಗೆ ಎಷ್ಟು ಗಜ ಬಟ್ಟೆ ಬೇಕು ಅಂತ ನಿಮ್ಮಮ್ಮನ್ನ ಕೇಳು. ನಾನಂತೂ ಬರಿಮೈಯಲ್ಲಿ ಬರಲ್ಲ."

ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು. ಅವಳು ಅಂಗಡಿಗೆ ಬಂದು ಮೇಜಿನ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಮೂರು ತಲೆಗಳೂ ಅಲ್ಲೇ ಇದ್ದವು. ನಮ್ಮ ಅಂಗಡಿಯ ಬೆಕ್ಕು ತೋಳದ ಬಾಯೊಳಗೆ ಹೊಕ್ಕು ಮಲಗಿತ್ತು.

ನಾನು ಉಪದೇಶ ಮಾಡಲಿಲ್ಲ. ಬೆಳೆದ ಮಕ್ಕಳಿಗೆ ಉಪದೇಶ ಮಾಡಿದರೆ ನಮ್ಮ ಬಾಯಿ ನೋಯುತ್ತದೆ, ಅಷ್ಟೇ. ಒಂದು ಕೈ ಕೆಲಸವಿರಲಿ ಎಂದು ಅವಳ ಮುಂದೆ ಬಿಚ್ಚಬೇಕಾದ ಒಂದು ನಿಲುವಂಗಿ ಇಟ್ಟೆ. ಇಬ್ಬರೂ ಹೊಲಿಗೆ ಬಿಚ್ಚುತ್ತ ಕುಳಿತೆವು. ಸ್ವಲ್ಪ ಹೊತ್ತಿಗೆ ಅವಳೇ ಕೇಳಿದಳು.

"ಚಿಕ್ಕಪ್ಪ, ಈ ಕಪ್ಪೆಯ ನಾಟಕ ಎಲ್ಲಿಯವರದ್ದು?"

"ಯಾವುದೋ ಗದ್ದೆಯ ನಾಡಿನವರದ್ದು. ನೀರು ತುಂಬಿದ ಬಯಲು, ಎಲ್ಲಿ ಕಾಲಿಟ್ಟರೂ ಕಪ್ಪೆಯಂತೆ. ಉಡುಪು ಹೊಲಿಸೋಕೆ ಬಂದವರು ಹೇಳ್ತಿದ್ರು."

"ತೋಳ ಹಿಮದವರದ್ದು. ಅವರಿಗೆ ಹೊರಗೆ ಕಾಲಿಟ್ಟರೆ ತೋಳ." ಅವಳ ಕೈ ನಿಂತಿತು. "ಕಾಡಿನವರು?"

"ಕಾಡಿನವರದ್ದು ಚುಕ್ಕೆ ಹುಲಿಯಂಥದ್ದು ಒಂದು ಇತ್ತು ಅಂತ ಗುಡುಗಜ್ಜ ಹೇಳ್ತಾನೆ. ಇನ್ನೊಂದು ಕಡೆ ನಾಯಿ."

"ಸೂರ್ಯನೋ ಚಂದ್ರನೋ ಮಾಯ ಆಗೋದು ಎಲ್ಲರಿಗೂ ಒಂದೇ, ನುಂಗೋದೂ ಒಂದೇ. ಆದರೆ ಬಾಯಿ ಬೇರೆ ಬೇರೆ! ಅವರವರ ಹಿತ್ತಿಲಲ್ಲಿ ಯಾವುದರ ಭಯ ಇತ್ತೋ ಅದರ ಬಾಯನ್ನ ಆಕಾಶಕ್ಕೆ ತಗಲಿಸಿದಾರೆ. ಅಮ್ಮ, ನಾನು ಬರೆದ ಹಗಲುನುಂಗಕ್ಕೆ ಮೈ ಹೇಗಿದೆ ಅಂತ ನೀನು ಕೇಳಿದ್ದೆ. ನನಗೆ ಹೇಳೋಕೇ ಆಗಲಿಲ್ಲ, ಅಲ್ವಾ?"

ನಿಜ. ದೊಡ್ಡದು, ಕಪ್ಪು, ಭಯಂಕರ ಅಂದಿದ್ದಳು. ಅಷ್ಟರಲ್ಲಿ ಏನನ್ನು ಕತ್ತರಿಸುವುದು!

"ನಮ್ಮ ಹಿತ್ತಿಲಲ್ಲಿ ಏನಿದೆ?" ಎಂದು ಅವಳು ಸುತ್ತ ನೋಡಿದಳು.

ಆ ಹೊತ್ತಿಗೆ ಸರಿಯಾಗಿ ಬೆಕ್ಕು ತೋಳದ ಬಾಯಿಂದ ಹೊರಬಂತು. ಮೇಜಿನ ನಡುವೆ ನಿಂತು ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಕ್ಹ ಕ್ಹ ಎಂದು ಹೊಟ್ಟೆ ಒತ್ತಿ, ನಾನು ಆಗಷ್ಟೇ ಹಾಸಿದ್ದ ಮಖಮಲ್ಲಿನ ಮೇಲೆ ಕೂದಲಿನ ಉಂಡೆಯೊಂದನ್ನು ಕಕ್ಕಿತು. ಕಕ್ಕಿ, ತನಗೆ ಏನೂ ಸಂಬಂಧವಿಲ್ಲವೆಂಬಂತೆ ಮೀಸೆ ಒರೆಸಿಕೊಂಡಿತು.

"ಅಯ್ಯೋ ನಿನ್ನ! ಮಖಮಲ್ಲಿನ ಮೇಲೆ!" ಎಂದು ನಾನು ಗಜಕೋಲು ಎತ್ತಿದೆ.

"ಹೊಡೀಬೇಡ ಅಮ್ಮ!" ನನಗಿಂತ ಜೋರಾಗಿ ಕೂಗಿದಳು ಮಗಳು. ಸ್ಟೂಲು ಉರುಳಿತು. "ಬೆಳಗಾಯ್ತು! ನೋಡಿದ್ಯಾ? ಬೆಳಗಾಗಿದ್ದು ಅದು! ಸಂಜೆ ನುಂಗುತ್ತೆ, ರಾತ್ರಿಯೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಒದ್ದಾಡುತ್ತೆ, ಬೆಳಿಗ್ಗೆ ಯಾರದ್ದಾದರೂ ಹಾಸಿಗೆ ಮೇಲೆ ಕಕ್ಕುತ್ತೆ. ಹಿಂಬೆಳಕಿನವರು ದಿನಾ ಎದ್ದು ಸೂರ್ಯನನ್ನ ತೊಳೀಬೇಕು!"

ಮೈದುನ ಬಾಯಿ ತೆರೆದುಕೊಂಡು ನಿಂತಿದ್ದ. ಆಮೇಲೆ ಅವನೂ ಕೂಗಿದ. "ತೊಳೆಯೋಕೆ ಯಾರ ಸರದಿ ಅಂತ ಜಗಳ ಆಗಬೇಕು ಪುಟ್ಟಿ, ಜಗಳ!"

"ಆಗುತ್ತೆ ಚಿಕ್ಕಪ್ಪ! ಮೊದಲನೇ ದೃಶ್ಯವೇ ಜಗಳ!"

ಅಂಗಡಿಗೆ ಪೇಟ ಬಾಡಿಗೆಗೆ ಕೇಳಲು ಬಂದವರೊಬ್ಬರು ಬಾಗಿಲಿಂದಲೇ ಹಿಂತಿರುಗಿದರು. ನಾನು ತಡೆಯಲಿಲ್ಲ. ನನ್ನ ತಲೆಯಲ್ಲಿ ಆಗಲೇ ತೋಳದ ಮೂತಿ ಮೊಟಕಾಗಿ, ಕಿವಿ ಮೇಲೆದ್ದು, ಮೀಸೆಗೆ ಪೊರಕೆ ಕಡ್ಡಿ ಹತ್ತಿತ್ತು.

ಹೊಡೆದುಹಾಕಿದ್ದೆಲ್ಲ ಒಂದೊಂದಾಗಿ ವಾಪಸ್ ಬಂತು. ಆದರೆ ಬಂದದ್ದು ಹೋದ ಹಾಗೇ ಇರಲಿಲ್ಲ. ದೋಣಿಯವನ ವಿಷಯದಲ್ಲಿ ಅವಳು ಇಡೀ ಬುಧವಾರ ಪೆನ್ಸಿಲ್ ಕಚ್ಚುತ್ತ ಕುಳಿತಳು. ಎಲ್ಲ ನಾಡಿನ ದೋಣಿಯವನೂ ಕಾಸು ತೆಗೆದುಕೊಳ್ಳುತ್ತಾನೆ. ಇವನು ಏನು ಮಾಡಬೇಕು? ಮೂರು ದಿನದ ರಜೆ ಮುಗಿದು ಗುರುವಾರ ಕೆಲಸಕ್ಕೆ ಹೋಗಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಅಮ್ಮ, ಅಂಗಡಿಯಲ್ಲಿ ಔಷಧಿಗೆ ಚಿಲ್ಲರೆ ಕಡಿಮೆ ಬಿದ್ರೆ ನಾನು ಏನು ಮಾಡ್ತೀನಿ?"

"ಇನ್ನೇನು ಮಾಡ್ತೀಯ? ನಿನ್ನ ಪರ್ಸಿಂದ ಅವರ ಕೈಗೆ ಕೊಡ್ತೀಯ, ಅವರು ಅದನ್ನ ನಿನಗೇ ಕೊಡ್ತಾರೆ, ನೀನು ಗಲ್ಲಾಪೆಟ್ಟಿಗೆಗೆ ಹಾಕ್ತೀಯ. ಹುಚ್ಚಿ. ಎಷ್ಟು ಸಲ ಬೈದಿದ್ದೀನಿ."

"ನೇರವಾಗಿ ನಾನೇ ಪೆಟ್ಟಿಗೆಗೆ ಹಾಕಬಹುದಲ್ಲ? ಹಾಕಲ್ಲ. ಅವರ ಕೈಗೇ ಕೊಡ್ತೀನಿ. ಯಾಕೆ ಹೇಳು? ಅವರು ದುಡ್ಡು ಕೊಟ್ಟೇ ತಗೊಂಡ ಹಾಗೆ ಆಗಬೇಕು. ಇವನೂ ಹಾಗೇ! ಕಾಸಿಲ್ಲದ ಮುದುಕಿ ಬರ್ತಾಳೆ. ಕಾಸಿಲ್ಲದೆ ಹತ್ತಿಸೋ ಹಾಗಿಲ್ಲ, ಅದು ನದಿಯ ಕಾನೂನು. ಇವನು ಬೈತಾನೆ, ಗುಡುಗ್ತಾನೆ, ಆಮೇಲೆ ತನ್ನ ಎದೆಜೇಬಿಂದ ಕಾಸು ತೆಗೆದು ಅವಳ ಕೈಗೆ ಇಡ್ತಾನೆ. 'ಈಗ ಕೊಡು' ಅಂತಾನೆ."

ನಾನು ಒಲೆಯ ಕಡೆ ತಿರುಗಿ ಪಾತ್ರೆ ಸರಿಪಡಿಸಿದೆ. ಬೈದದ್ದನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ. "ಎದೆಜೇಬು ಇರೋ ಕೋಟು ಹುಡುಕ್ತೀನಿ" ಎಂದೆ.

ಕೋಟು ಗುಡುಗಜ್ಜನ ಬಳಿಯೇ ಇತ್ತು. ಒಳ್ಳೆ ಗಟ್ಟಿ ಉಣ್ಣೆಯದು. ಆದರೆ ದೀಪದ ಬಿಸಿಗೆ ಹೊರಮೈ ಬಣ್ಣ ಸುಟ್ಟು ಕಾಫಿ ಚೆಲ್ಲಿದ ಹಾಗಾಗಿತ್ತು. ಇಂಥ ಕೋಟಿಗೆ ನಮ್ಮ ಕಸುಬಿನಲ್ಲಿ ಒಂದು ದಾರಿ ಇದೆ, ತಿರುವಿ ಹೊಲಿಯುವುದು. ಎಲ್ಲ ಹೊಲಿಗೆ ಬಿಚ್ಚಿ, ತುಂಡುತುಂಡು ಮಾಡಿ, ಒಳಮೈ ಹೊರಗೆ ಬರುವಂತೆ ಮತ್ತೆ ಕೂಡಿಸಿದರೆ ಕೋಟು ಹೊಸದಾಗಿಬಿಡುತ್ತದೆ. ಬಿಸಿಲು ಕಾಣದ ಮೈ, ಅಚ್ಚ ಬಣ್ಣ. ಮೈದುನ ಬಿಚ್ಚಿ ಕೊಟ್ಟ, ನಾನು ಕೂಡಿಸಿದೆ. ನಡುನಡುವೆ ಬೆಕ್ಕಿನ ಕೆಲಸ. ತೋಳಕ್ಕೆ ಹೊಸ ಮೂತಿ, ನಾಲ್ಕು ಜನ ಒಳಗೆ ನಿಲ್ಲುವಷ್ಟು ದೊಡ್ಡ ಹೊಟ್ಟೆ, ಕಪ್ಪೆಯಿಂದ ಕಿತ್ತ ಕೆಂಪು ಬಾಯಿ. ಕೋಟಿಗೆ ಕೊನೆಯ ಇಸ್ತ್ರಿ ಹಾಕಿದಾಗ ಶನಿವಾರ ಊಟದ ಹೊತ್ತು. ತೊಟ್ಟು ನೋಡಲು ಸಮಯವೇ ಇರಲಿಲ್ಲ.

ಮಂದಿರ ಮುಕ್ಕಾಲು ತುಂಬಿತ್ತು. ಎರಡು ಶಾಲೆಯ ಮಕ್ಕಳು, ಬೀದಿಯ ಅಂಗಡಿಗಳವರು, ಔಷಧಿ ಅಂಗಡಿಯಿಂದ ಮಗಳ ಜೊತೆಗಾರರು. ಮೂರನೇ ಸಾಲಿನ ಅಂಚಿನಲ್ಲಿ ಯಜಮಾನರು, ಮಡಿಲಲ್ಲಿ ಕೈಗಡಿಯಾರ. ನಾನೂ ಮೈದುನನೂ ಪರದೆಯ ಪಕ್ಕದಲ್ಲಿ ಸೂಜಿದಾರ ಹಿಡಿದು ನಿಂತಿದ್ದೆವು. ಮಗಳು ನನ್ನ ಸೆರಗಿನ ತುದಿ ಹಿಡಿದಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ಬೆಕ್ಕು ಬಂತು. ಮೊದಲು ಮೀಸೆ, ಆಮೇಲೆ ಮೂತಿ. ಮಕ್ಕಳು ಉಸಿರು ಬಿಗಿಹಿಡಿದರು. ಬೆಕ್ಕು ಹಳದಿ ಚೆಂಡನ್ನು ನುಂಗಿತು, ಕತ್ತಲಾಯಿತು. ಕತ್ತಲಲ್ಲಿ ಕ್ಹ ಕ್ಹ ಎಂಬ ಸದ್ದು. ಮೊದಲು ಒಂದು ಮಗು ನಕ್ಕಿತು, ಆಮೇಲೆ ಹತ್ತು. ದೀಪ ಹೊತ್ತಿಕೊಂಡು ಹಾಸಿಗೆಯ ಮೇಲೆ ಒದ್ದೆ ಸೂರ್ಯ ಕಾಣಿಸಿದಾಗ ಇಡೀ ಮಂದಿರ ಎದ್ದು ಕುಣಿಯುವುದೊಂದು ಬಾಕಿ. "ನಿನ್ನೆ ನಾನು ತೊಳೆದೆ, ಇವತ್ತು ನಿನ್ನ ಸರದಿ!" ಎಂದು ಹಿಂಬೆಳಕಿನ ಗಂಡಹೆಂಡಿರು ಶುರುಮಾಡಿದರೆ, ಪ್ರೇಕ್ಷಕರಲ್ಲಿದ್ದ ಹೆಂಗಸರೆಲ್ಲ ಹೆಂಡತಿಯ ಕಡೆ ಸೇರಿಬಿಟ್ಟರು. ಮೈದುನ ನನ್ನ ತೋಳು ಚಿವುಟುತ್ತಲೇ ಇದ್ದ. ಇವತ್ತಿಗೂ ಗುರುತಿದೆ.

ಆಮೇಲೆ ನದಿ. ನೀಲಿ ಬಟ್ಟೆ, ಅದರ ಮೇಲೆ ಗಾಲಿ ಹಾಕಿದ ದೋಣಿ. ದೋಣಿ ಉರುಳದಂತೆ ಗುಡುಗಜ್ಜ ಎಡಗೈಯಲ್ಲಿ ಹುಟ್ಟುಗೋಲನ್ನು ನೆಲದ ತೂತಿಗೆ ಊರಿ ಹಿಡಿಯಬೇಕು. ಬಿಟ್ಟರೆ ದೋಣಿ ನೇರವಾಗಿ ಮಕ್ಕಳ ಮೇಲೆ. ಮುದುಕಿಯ ಪಾತ್ರಕ್ಕೆ ಹೊಸ ಹುಡುಗಿ, ನಾಟಕಕ್ಕೆ ಬಂದು ಎರಡು ತಿಂಗಳಾಗಿತ್ತು ಅಷ್ಟೇ. ಅಜ್ಜ ಗುಡುಗಿದ: "ಕಾಸಿಲ್ಲದವರಿಗೆ ದೋಣಿ ಇಲ್ಲ! ಇದು ನದಿಯ ಕಾನೂನು!" ಮುದುಕಿ ಖಾಲಿ ಕೈ ತೋರಿಸಿದಳು. ಅಜ್ಜ ಮುಖ ತಿರುಗಿಸಿದ, ಗೊಣಗಿದ, ಬಲಗೈಯನ್ನು ಎಡ ಎದೆಯ ಮೇಲೆ ಇಟ್ಟ.

ಅಲ್ಲಿ ಜೇಬು ಇರಲಿಲ್ಲ.

ಕೋಟನ್ನು ತಿರುವಿದರೆ ಎಡಭಾಗ ಬಲಕ್ಕೆ ಬರುತ್ತದೆ, ಬಲಭಾಗ ಎಡಕ್ಕೆ ಹೋಗುತ್ತದೆ. ಗುಂಡಿ, ಕಾಜ, ಜೇಬು ಎಲ್ಲ ಮಗ್ಗುಲು ಬದಲಿಸುತ್ತವೆ. ಕಸುಬಿಗೆ ಬಂದ ಮೊದಲ ವಾರ ಕಲಿಯುವ ಪಾಠ. ಜೇಬನ್ನು ಬಿಚ್ಚಿ ಎಡಕ್ಕೆ ಕೂರಿಸಬೇಕಿತ್ತು, ಬೆಕ್ಕಿನ ಮೀಸೆಯ ಸಂಭ್ರಮದಲ್ಲಿ ಇಬ್ಬರೂ ಮರೆತಿದ್ದೆವು. ಮೈದುನನ ಕಡೆ ನೋಡಿದೆ. ಅವನ ಮುಖ ಸೀಮೆಸುಣ್ಣದ ಹಾಗಾಗಿತ್ತು. "ಕಾಸು ಜೇಬಲ್ಲಿ ನಾನೇ ಇಟ್ಟೆ ಅತ್ತಿಗೆ," ಎಂದ. "ಯಾವ ಕಡೆ ಅಂತ ನೋಡಲೇ ಇಲ್ಲ."

ಅಜ್ಜನ ಬಲಗೈ ತಡಕಾಡಿ ಬಲ ಎದೆಗೆ ಬಂತು. ಜೇಬು ಸಿಕ್ಕಿತು. ಆದರೆ ಅದೇ ಪಕ್ಕದ ಕೈ ಅದೇ ಪಕ್ಕದ ಎದೆಜೇಬಿಗೆ ಇಳಿಯುವುದು ಸುಲಭವಲ್ಲ. ಮೊಣಕೈ ಎಷ್ಟು ಮಡಚಿದರೂ ಬೆರಳು ಜೇಬಿನ ಅಂಚಿಗಷ್ಟೇ ತಾಗುತ್ತಿತ್ತು. ಎಡಗೈ ಏಳುವುದಿಲ್ಲ, ಏಳಿಸಿದರೂ ದೋಣಿ ಉರುಳುತ್ತದೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಜ್ಜ ಇನ್ನೊಮ್ಮೆ ಪ್ರಯತ್ನಿಸಿದ. ಈಗ ಎಲ್ಲರೂ ನಗತೊಡಗಿದರು. ಮಗಳು ನನ್ನ ಸೆರಗು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ಮುಗೀತು" ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಮುದುಕಿ ನೀರಿನೊಳಗೆ ಒಂದು ಹೆಜ್ಜೆ ಇಟ್ಟಳು. ಹಾಳೆಯಲ್ಲಿ ಆ ಹೆಜ್ಜೆ ಇರಲಿಲ್ಲ. ದೋಣಿಯ ಅಂಚು ಹಿಡಿದು ಅವನ ಮುಖ ನೋಡಿದಳು, ಜೇಬು ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಮಗುವಿನ ಜೇಬಿಗೆ ಕರವಸ್ತ್ರ ಇಡುವ ತಾಯಿಯ ಹಾಗೆ ಅವನ ಎದೆಜೇಬಿಗೆ ಎರಡು ಬೆರಳು ಹಾಕಿ ಕಾಸು ತೆಗೆದಳು. ಹಿಡಿದು ಅವನಿಗೆ ತೋರಿಸಿದಳು.

"ಇದು ನನಗಾ?" ಎಂದಳು. ಅದೂ ಹಾಳೆಯಲ್ಲಿ ಇರಲಿಲ್ಲ.

ನಗು ನಿಂತುಹೋಯಿತು. ಇಷ್ಟು ವರ್ಷ ಆ ಮಂದಿರದ ಪರದೆಯ ಪಕ್ಕದಲ್ಲಿ ನಿಂತಿದ್ದೇನೆ, ಅಂಥ ಮೌನ ಕೇಳಿಲ್ಲ. ಗುಡುಗಜ್ಜ ಹಳೇ ಹುಲಿ, ಆ ಮೌನ ಹಾಳಾಗಲು ಬಿಡಲಿಲ್ಲ. ಗುಡುಗಲಿಲ್ಲ. ಸಣ್ಣ ದನಿಯಲ್ಲಿ, "ಈಗ ಕೊಡು," ಎಂದ.

ಮುದುಕಿ ಕಾಸನ್ನು ಅವನ ಅಂಗೈಯಲ್ಲಿ ಇಟ್ಟಳು. ದೋಣಿ ಹತ್ತಿದಳು. ಚಪ್ಪಾಳೆ ಕೂಡಲೇ ಬರಲಿಲ್ಲ. ಬಂದ ಮೇಲೆ ನಿಲ್ಲಲೂ ಇಲ್ಲ. ಮಗಳು ಬೆರಳ ಸಂದಿಯಿಂದ ನೋಡುತ್ತಿದ್ದಳು. "ಅಮ್ಮ, ಅದನ್ನ ನಾನು ಬರೆದಿಲ್ಲ," ಎಂದಳು.

"ಗೊತ್ತು. ಹೋಗಿ ಬರ್ಕೋ, ಮರೆಯೋ ಮೊದಲು!" ಎಂದು ಅವಳನ್ನು ನೂಕಿದೆ.

ಆಟ ಮುಗಿದ ಮೇಲೆ ಯಜಮಾನರು ಪರದೆಯ ಹಿಂದೆ ಬಂದರು. ಬಂದವರೇ ಗಡಿಯಾರ ತೋರಿಸಿದರು. "ಉದ್ದ ಆಯ್ತು. ಆಮೆಯ ದೃಶ್ಯ ತೆಗೆದುಬಿಡಿ."

"ಆಮೆ ತೆಗೆದರೆ ನಾಡು ಯಾವುದರ ಮೇಲೆ ನಿಲ್ಲುತ್ತೆ ಸರ್?" ಎಂದಳು ಮಗಳು.

"ನನ್ನ ಮಂದಿರದ ಮೇಲೆ ನಿಲ್ಲುತ್ತೆ. ಮೂರು ತಿಂಗಳು."

ಅದು ಒಪ್ಪಿಗೆ ಎಂದು ನಮಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮೈದುನ ಹಾಕಿದ ಕೂಗಿಗೆ ಗುಡುಗಜ್ಜನೇ ಕಿವಿ ಮುಚ್ಚಿಕೊಂಡ. ಮಗಳು ಹೊಸ ಹುಡುಗಿಯನ್ನು ಅಪ್ಪಿಕೊಂಡು ಎತ್ತಿ ತಿರುಗಿಸಿದಳು. ಮುದುಕಿಯ ಬಿಳಿ ಕೂದಲು ಕಳಚಿ ಯಜಮಾನರ ಭುಜದ ಮೇಲೆ ಬಿತ್ತು.

"ಜೇಬನ್ನ ಬಿಚ್ಚಿ ಎಡಕ್ಕೆ ಹಾಕ್ಕೊಡ್ತೀನಿ ಅಜ್ಜ, ಅರ್ಧ ಗಂಟೆ ಕೆಲಸ," ಎಂದು ಮೈದುನ ಕೋಟಿಗೆ ಕೈ ಹಾಕಿದ.

"ಮುಟ್ಟಬೇಡಿ ಚಿಕ್ಕಪ್ಪ!" ಎಂದಳು ಮಗಳು.

"ಮುಟ್ಟಿದ್ರೆ ನೋಡು!" ಎಂದ ಗುಡುಗಜ್ಜ. "ಇಷ್ಟು ವರ್ಷಕ್ಕೆ ಮೊದಲ ಸಲ ಈ ಕೆಟ್ಟ ಭುಜಕ್ಕೆ ಚಪ್ಪಾಳೆ ಬಿದ್ದಿದೆ."

ಸೋಮವಾರ ಮಗಳು ಔಷಧಿ ಅಂಗಡಿಗೆ ಹೋಗಿ ಆಗುವುದಿಲ್ಲ ಎಂದು ಹೇಳಿ ಬಂದಳು. ಹೊಸ ಶಾಖೆ ಬೇರೆಯವರ ಪಾಲಾಯಿತು, ದಿನಾ ಆಟಕ್ಕೆ ನಿಲ್ಲಬೇಕಾದ್ದರಿಂದ ಇದ್ದ ಕೆಲಸವೂ ಹೋಯಿತು. ಆಮೆಯ ದೃಶ್ಯ ಹೋಯಿತು, ಅದು ಅವಳಿಗೆ ತುಂಬ ಇಷ್ಟದ್ದು. ಮೂರು ತಿಂಗಳ ಆಟ ಸಿಕ್ಕಿತು. ಮಂದಿರದ ಮುಂದಿನ ಹಲಗೆಯಲ್ಲಿ ಅವಳ ಹೆಸರು ಬಂತು. ಈಗ ಎರಡನೆಯ ನಾಟಕ ಬರೆಯುತ್ತಿದ್ದಾಳೆ.